ಮರಳಿ ಬಾರದ ಸ್ಪಿಟ್‌ಫೈರ್ ಪೈಲಟ್‌ನ ಹುಡುಕಾಟ ಎಲ್ಲಿಂದ ಆರಂಭಿಸಬೇಕು

1941ರಲ್ಲಿ ಫ್ರಾನ್ಸ್‌ನ ಕರಾವಳಿಯತ್ತ ಹಾರಿ ಮರಳದ ಬ್ರಿಟಿಷ್ ವಾಯುಪಡೆಯ ಸ್ಪಿಟ್‌ಫೈರ್ ಪೈಲಟ್ ಒಬ್ಬರ ಹೆಸರು ಮತ್ತು ಸ್ಕ್ವಾಡ್ರನ್ ಸಂಖ್ಯೆ ಮಾತ್ರ ಗೊತ್ತಿದೆ, ಅವರ ವಿಮಾನಕ್ಕೆ ಏನಾಯಿತೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಮೊದಲು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ‘ಏರ್ 27’ ಸರಣಿಯಲ್ಲಿ ಆ ಸ್ಕ್ವಾಡ್ರನ್ನಿನ ಕಾರ್ಯಾಚರಣೆಯ ದಾಖಲೆ ಪುಸ್ತಕವನ್ನು ನೋಡಿ. ಅದರ 541ನೇ ನಮೂನೆಯಲ್ಲಿ ಸಾಮಾನ್ಯವಾಗಿ ಪೈಲಟ್‌ನ ಹೆಸರಿರುವ ಸಾಲಿನಲ್ಲೇ ವಿಮಾನದ ಕ್ರಮಸಂಖ್ಯೆ, ಮೇಲೇರಿದ ಸಮಯ ಮತ್ತು ಇಳಿದ ಸಮಯ ಇರುತ್ತವೆ. ಆ ಕೊನೆಯ ಅಂಕಣವೊಂದೇ ಖಾಲಿ ಉಳಿದಿರುವ ಸಾಲನ್ನು ಎಷ್ಟು ಸಲ ನೋಡಿದರೂ ಮನಸ್ಸು ಭಾರವಾಗುತ್ತದೆ.

ಆದರೆ ಕ್ರಮಸಂಖ್ಯೆಯನ್ನು ಒಂದೇ ದಾಖಲೆಯಿಂದ ಒಪ್ಪಿಕೊಳ್ಳಬೇಡಿ, ಏಕೆಂದರೆ ಬೆರಳಚ್ಚಿನಲ್ಲಿ ಒಂದು ಅಂಕಿ ತಪ್ಪಿದರೂ ನೀವು ಬೇರೊಬ್ಬರ ವಿಮಾನದ ಬೆನ್ನು ಹತ್ತಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ‘ಏರ್ 81’ ಸರಣಿಯ ಸಾವುನೋವಿನ ಕಡತ ಲಭ್ಯವಿದ್ದರೆ ಅದನ್ನು ತಪ್ಪದೆ ಓದಿ. ಕುಟುಂಬದೊಂದಿಗೆ ನಡೆದ ಪತ್ರವ್ಯವಹಾರ ಇಂತಹ ಕಡತಗಳಲ್ಲಿ ಸಿಗುತ್ತದೆ. ಅವರ ಹೆಸರು ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿರುವ ವಾಯುಪಡೆಯ ಸ್ಮಾರಕದಲ್ಲಿದ್ದರೆ, ಅಲ್ಲಿ ಕೆತ್ತಲಾದ 20,000ಕ್ಕೂ ಹೆಚ್ಚು ಮಂದಿಯಂತೆ ಅವರಿಗೂ ಗುರುತಿಸಲಾದ ಸಮಾಧಿ ಇಲ್ಲವೆಂದರ್ಥ. ಅವಶೇಷ ಬ್ರಿಟನ್ನಿನ ನೆಲದಲ್ಲೇ ಕಂಡುಬಂದರೆ ದಯವಿಟ್ಟು ಅಗೆಯಬೇಡಿ. ಸೇನಾ ಅವಶೇಷಗಳ ರಕ್ಷಣೆಗಾಗಿ ಇರುವ 1986ರ ಕಾಯ್ದೆಯಂತೆ ರಕ್ಷಣಾ ಸಚಿವಾಲಯದ ಪರವಾನಗಿ ಕಡ್ಡಾಯ.