ಕೇಳಿದ ಫಾಂಟ್ ಒಂದು, ಬಂದ ಫಾಂಟ್ ಇನ್ನೊಂದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅಕ್ಷರದ ದೂರುಗಳೇ. ಒಬ್ಬರಿಗೆ ದಪ್ಪ, ಒಬ್ಬರಿಗೆ ಮಸುಕು, ಇನ್ನೊಬ್ಬರಿಗೆ ಬರೀ ಚೌಕ. ಹಾಗಾಗಿ ಪ್ರಿಂಟರ್, ಪಾಸ್‌ವರ್ಡ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಪೂರ್ತಿ ಜಾಗ ಫಾಂಟಿಗೇ ಬಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಪ್ರಶ್ನೆ: ಮೇಡಂ, ನನ್ನ ಕಥೆಗಳ ಫೈಲ್ ವಿಂಡೋಸ್‌ನಲ್ಲಿ ತುಂಗಾ ಫಾಂಟ್ ಹಾಕಿ ಮಾಡಿದ್ದು. 112 ಪುಟ ಇತ್ತು. ಈಗ ಲಿನಕ್ಸ್‌ಗೆ ಬಂದಿದ್ದೇನೆ. ಲಿಬ್ರೆಆಫೀಸ್‌ನಲ್ಲಿ ತೆರೆದರೆ 121 ಪುಟ ಆಗಿದೆ. ತಲೆಬರಹಗಳ ಒತ್ತಕ್ಷರಗಳು ಮಸಿ ಚೆಲ್ಲಿದ ಹಾಗೆ ಮೆತ್ತಿಕೊಂಡಿವೆ. ಫಾಂಟ್ ಹೆಸರಿನ ಜಾಗದಲ್ಲಿ ಮಾತ್ರ ತುಂಗಾ ಅಂತಲೇ ಇದೆ. ಹಾಗಾದರೆ ತಪ್ಪು ಎಲ್ಲಿ?

ಉತ್ತರ: ಆ ಹೆಸರನ್ನು ನಂಬಿದ್ದೇ ತಪ್ಪು. ಅಲ್ಲಿರುವುದು ನಿಮ್ಮ ಫೈಲ್ ಕೇಳುತ್ತಿರುವ ಫಾಂಟ್. ತೆರೆಯ ಮೇಲೆ ಬಂದು ಕೂತಿರುವುದು ಬೇರೆ ಯಾರೋ. ಟೈಮ್‌ಟೇಬಲ್‌ನಲ್ಲಿ ಒಬ್ಬರ ಹೆಸರು, ಪಾಠ ಮಾಡುತ್ತಿರುವುದು ಬದಲಿ ಮೇಷ್ಟ್ರು! ಇನ್ನೊಮ್ಮೆ ಕಣ್ಣಿಟ್ಟು ನೋಡಿ, ಆ ಹೆಸರು ಇಟಾಲಿಕ್‌ನಲ್ಲಿ, ಓರೆಯಾಗಿ ಕಾಣುತ್ತಿರಬೇಕು. 'ಈ ಫಾಂಟ್ ಇಲ್ಲಿಲ್ಲ, ಬದಲಿ ಹಾಕಿದ್ದೇನೆ' ಎಂದು ಲಿಬ್ರೆಆಫೀಸ್ ಹೇಳುವ ರೀತಿ ಅದು. ಅಷ್ಟು ಮೆಲ್ಲಗೆ ಹೇಳಿದರೆ ಯಾರಿಗೆ ಕೇಳಿಸುತ್ತೆ?

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು, ಬದಲಿಗೆ ಬಂದವರು ಯಾರು ಅಂತ ವಿಚಾರಿಸಿ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು 'ಎಫ್‌ಸಿ-ಮ್ಯಾಚ್ ತುಂಗಾ' ಎಂದು ಕೊಡಿ. ಲಿನಕ್ಸ್‌ನಲ್ಲಿ ಫಾಂಟ್ ಆರಿಸಿಕೊಡುವ ಕೆಲಸ ಫಾಂಟ್‌ಕಾನ್ಫಿಗ್‌ನದು, ಅದೇ ಉತ್ತರ ಕೊಡುತ್ತೆ. ನನ್ನ ಕಂಪ್ಯೂಟರ್‌ನಲ್ಲಿ ಬಂದ ಉತ್ತರ ಡೆಜಾವು ಸಾನ್ಸ್. ಜನ ಗಲಿಬಿಲಿಯಾಗುವುದು ಇಲ್ಲೇ. ಡೆಜಾವು ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ! ಅಂದರೆ ಬದಲಿಗೆ ಬಂದ ಮೇಷ್ಟ್ರಿಗೂ ಕನ್ನಡ ಬರೋದಿಲ್ಲ, ಅವರ ಬದಲಿಗೆ ಇನ್ನೊಬ್ಬರನ್ನು ಕಳಿಸಿದ್ದಾರೆ. ಅದಕ್ಕೇ ಭಾಷೆಯನ್ನೂ ಸೇರಿಸಿ ಕೇಳಬೇಕು. ತುಂಗಾ ಆದಮೇಲೆ ಜಾಗ ಬಿಡದೆ ಕೋಲನ್ ಹಾಕಿ, 'ಲ್ಯಾಂಗ್' ಎಂದು ಬರೆದು, ಸಮ ಚಿಹ್ನೆ ಹಾಕಿ, 'ಕೆ' 'ಎನ್' ಎಂಬ ಎರಡು ಅಕ್ಷರ ಕೊಡಿ. ಹಾಗೆ ಕೇಳಿದಾಗ ನನಗೆ ಸಿಕ್ಕ ಹೆಸರು ಲೋಹಿತ್ ಕನ್ನಡ.

ಲೋಹಿತ್ ಒಳ್ಳೆಯ ಫಾಂಟೇ. ಆದರೆ ಅದರಲ್ಲಿ ಇರುವುದು ಮಾಮೂಲಿ ದಪ್ಪದ ಅಕ್ಷರ ಮಾತ್ರ, ಬೋಲ್ಡ್ ಇಲ್ಲ. ನಿಮ್ಮ ಫೈಲ್ ತಲೆಬರಹಕ್ಕೆ ಬೋಲ್ಡ್ ಕೇಳುತ್ತೆ. ಇಲ್ಲದ್ದನ್ನು ಎಲ್ಲಿಂದ ತರೋದು? ಕಂಪ್ಯೂಟರ್ ಇದ್ದ ಅಕ್ಷರದ ಗೆರೆಗೇ ಸುತ್ತಲೂ ಬಣ್ಣ ಬಳಿದು ಉಬ್ಬಿಸಿಬಿಡುತ್ತೆ. ಇಂಗ್ಲಿಷ್ ಅಕ್ಷರಕ್ಕೆ ಹೀಗೆ ಮಾಡಿದರೆ ಹೇಗೋ ನಡೆಯುತ್ತೆ. ನಮ್ಮ 'ಕ್ಷ', 'ಣ್ಣ', 'ಷ್ಟ್ರ' ಇವುಗಳ ಹೊಟ್ಟೆಯೊಳಗಿನ ಸಣ್ಣ ಜಾಗ ಮುಚ್ಚಿಹೋಗುತ್ತೆ. ನೀವು ಕಂಡ ಚೆಲ್ಲಿದ ಮಸಿ ಇದೇ. ತುಂಗಾದಲ್ಲಿ ನಿಜವಾದ ಬೋಲ್ಡ್ ಇದೆ, ಹಾಗಾಗಿ ವಿಂಡೋಸ್‌ನಲ್ಲಿ ಈ ತೊಂದರೆ ಕಾಣಲಿಲ್ಲ.

ಪರಿಹಾರಕ್ಕೆ ಬರೋಣ. ನಿಜವಾದ ಬೋಲ್ಡ್ ಇರುವ ಕನ್ನಡ ಫಾಂಟ್ ಹಾಕಿಕೊಳ್ಳಿ. ನೋಟೊ ಸಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ, ಎರಡೂ ಉಚಿತ. ಆಮೇಲೆ 'ತುಂಗಾ ಕೇಳಿದಾಗ ಇದನ್ನು ಕೊಡು' ಎಂದು ಫಾಂಟ್‌ಕಾನ್ಫಿಗ್‌ಗೆ ಬರೆದು ಕೊಡಬೇಕು. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ ಕಾನ್ಫಿಗ್ ಫೋಲ್ಡರ್, ಅದರೊಳಗೆ ಫಾಂಟ್‌ಕಾನ್ಫಿಗ್, ಅದರೊಳಗೆ 'ಫಾಂಟ್ಸ್ ಡಾಟ್ ಕಾನ್ಫ್' ಎಂಬ ಫೈಲ್. ಅದರಲ್ಲಿ 'ಏಲಿಯಾಸ್' ಎಂಬ ಒಂದು ತುಂಡು ಸೇರಿಸಬೇಕು. 'ಫ್ಯಾಮಿಲಿ' ಎಂಬಲ್ಲಿ ತುಂಗಾ, 'ಆಕ್ಸೆಪ್ಟ್' ಒಳಗೆ ನೋಟೊ. ಎಷ್ಟೋ ಕಡೆ 'ಆಕ್ಸೆಪ್ಟ್' ಬದಲು 'ಪ್ರಿಫರ್' ಹಾಕಿ ಅಂತ ಹೇಳಿಕೊಡುತ್ತಾರೆ. ಬೇಡ. 'ಪ್ರಿಫರ್' ಹಾಕಿದರೆ ನಾಳೆ ನೀವು ನಿಜವಾದ ತುಂಗಾ ತಂದರೂ ನೋಟೊ ಎದ್ದು ಜಾಗ ಬಿಡೋದಿಲ್ಲ. 'ಆಕ್ಸೆಪ್ಟ್' ಆದರೆ ತುಂಗಾ ಇದ್ದರೆ ತುಂಗಾ, ಇಲ್ಲದಿದ್ದರೆ ಮಾತ್ರ ನೋಟೊ. ಜೊತೆಗೆ ಏಲಿಯಾಸ್‌ಗೆ 'ಬೈಂಡಿಂಗ್' ಎಂಬ ಗುಣ ಕೊಟ್ಟು 'ಸೇಮ್' ಎಂದು ಬರೆಯಿರಿ. ಅದನ್ನು ಬಿಟ್ಟರೆ, ನಿಮ್ಮ ಸಿಸ್ಟಮ್‌ನ ಭಾಷೆ ಇಂಗ್ಲಿಷ್ ಆಗಿದ್ದಾಗ ಡೆಜಾವು ಮತ್ತೆ ಮುಂದೆ ನುಗ್ಗಬಹುದು. ನಾನು ಒಂದು ಇಡೀ ಸಂಜೆ ಕಳೆದದ್ದು ಈ ಒಂದು ಪದ ಬಿಟ್ಟಿದ್ದಕ್ಕೆ.

ಫೈಲ್ ಉಳಿಸಿ, ಲಿಬ್ರೆಆಫೀಸ್ ಮುಚ್ಚಿ ಮತ್ತೆ ತೆರೆಯಿರಿ. ಟರ್ಮಿನಲ್‌ನಲ್ಲಿ ಅದೇ ಪ್ರಶ್ನೆ ಇನ್ನೊಮ್ಮೆ ಕೇಳಿ. ನೋಟೊ ಎಂದು ಬಂದರೆ ಗೆದ್ದಿರಿ.

ಪುಟದ ಲೆಕ್ಕ ಮಾತ್ರ ಸರಿಹೋಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಏರಿಯಲ್ ಬದಲು ಲಿಬರೇಷನ್ ಸಾನ್ಸ್, ಕ್ಯಾಲಿಬ್ರಿ ಬದಲು ಕಾರ್ಲಿಟೊ, ಕೇಂಬ್ರಿಯಾ ಬದಲು ಕ್ಯಾಲಡಿಯಾ ಬಂದರೆ ಸಾಲುಗಳು ಅಲುಗಾಡುವುದಿಲ್ಲ. ಒಂದೊಂದು ಅಕ್ಷರದ ಅಗಲವನ್ನೂ ಮೂಲಕ್ಕೆ ಸರಿಯಾಗಿ ಅಳೆದು ಮಾಡಿದ ಜೋಡಿಗಳು ಅವು. ಫಾಂಟ್‌ಕಾನ್ಫಿಗ್ ಇಟ್ಟುಕೊಂಡಿರುವ ಆ ಜೋಡಿಗಳ ಪಟ್ಟಿಯಲ್ಲಿ ಕನ್ನಡ ಫಾಂಟ್ ಒಂದೂ ಇಲ್ಲ. ಹಾಗಾಗಿ ತುಂಗಾ ಹೋಗಿ ಏನೇ ಬಂದರೂ ಸಾಲು ಒಡೆಯುವ ಜಾಗ ಬದಲಾಗುತ್ತೆ.

ಇದರ ಬಿಸಿ ನನಗೂ ತಟ್ಟಿದೆ. ನಾನು ಇಪ್ಪತ್ತು ವರ್ಷ ಪುಸ್ತಕಗಳ ಪೇಜ್ ಮಾಡಿದವಳು. ಒಮ್ಮೆ 96 ಪುಟದ ಪುಸ್ತಕವನ್ನು ಫೈಲ್ ಸಮೇತ ಒಂದು ಪ್ರೆಸ್‌ಗೆ ಕೊಟ್ಟೆ. ಅವರ ಕಂಪ್ಯೂಟರ್‌ನಲ್ಲಿ ನನ್ನ ಫಾಂಟ್ ಇರಲಿಲ್ಲ. ಸದ್ದಿಲ್ಲದೆ 103 ಪುಟ ಆಯ್ತು. ಪರಿವಿಡಿಯಲ್ಲಿ ಕೊನೆಯ ಅಧ್ಯಾಯ 88ನೇ ಪುಟ, ಪುಸ್ತಕದಲ್ಲಿ ಅದು 94ರಲ್ಲಿ. ಕರಡನ್ನು ನಾನು ನೋಡಿದ್ದು ನನ್ನ ಮನೆಯ ತೆರೆಯ ಮೇಲೆ, ಅಲ್ಲಿ ಎಲ್ಲ ಸರಿಯಾಗಿಯೇ ಇತ್ತು ನೋಡಿ! ಅಂದಿನಿಂದ ಅಚ್ಚಿಗೆ ಹೋಗುವುದು ಪಿಡಿಎಫ್ ಮಾತ್ರ. ಅದರಲ್ಲಿ ಫಾಂಟ್ ಫೈಲ್‌ನ ಜೊತೆಗೇ ಪ್ರಯಾಣ ಮಾಡುತ್ತೆ. ತಿದ್ದುವ ಫೈಲನ್ನೇ ಕಳಿಸಬೇಕಿದ್ದರೆ ಲಿಬ್ರೆಆಫೀಸ್‌ನ ಫೈಲ್ ಮೆನುವಿನಲ್ಲಿ ಪ್ರಾಪರ್ಟೀಸ್ ತೆರೆದು, ಫಾಂಟ್ ಎಂಬ ಟ್ಯಾಬ್‌ನಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಗುರುತು ಹಾಕಿ.

ಕೊನೆಗೊಂದು ಸಣ್ಣ ಬಲೆ. ಲಿಬ್ರೆಆಫೀಸ್ ಲೆಕ್ಕದಲ್ಲಿ ಕನ್ನಡ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುಂಪಿಗೆ ಸೇರಿದೆ. ಸ್ಟೈಲ್ ಒಳಗೆ ಇಂಗ್ಲಿಷ್‌ಗೆ ಒಂದು ಫಾಂಟ್, ಈ ಗುಂಪಿಗೆ ಬೇರೆ ಫಾಂಟ್. ಇಂಗ್ಲಿಷಿನದನ್ನು ಬದಲಾಯಿಸಿ 'ಕನ್ನಡ ಬದಲಾಗಲೇ ಇಲ್ಲ' ಅಂತ ಗೋಳಾಡುವವರೇ ಜಾಸ್ತಿ. ಈ ಗುಂಪಿನದನ್ನು ಬದಲಾಯಿಸಿ.

ಪ್ರಶ್ನೆ: ಹಳೇ ಕಂಪ್ಯೂಟರ್‌ನ ಫೈಲ್‌ಗಳನ್ನು ಹೊಸದರಲ್ಲಿ ತೆರೆದರೆ ಕೆಲವು ಕಡೆ ಚೌಕ, ಕೆಲವು ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಕೆಲವು ಕಡೆ ಚುಕ್ಕಿ ಚುಕ್ಕಿ ವೃತ್ತ. ಯಾವ ಫಾಂಟ್ ಹಾಕಿದರೆ ಮೂರೂ ಹೋಗುತ್ತೆ?

ಉತ್ತರ: ಮೂರೂ ಬೇರೆ ಬೇರೆ ಕಾಯಿಲೆ, ಒಂದೇ ಗುಳಿಗೆ ನಡೆಯುವುದಿಲ್ಲ.

ಚೌಕ ಬಂದರೆ ಸಂತೋಷಪಡಿ. ಅಕ್ಷರ ಫೈಲಿನಲ್ಲಿ ಸರಿಯಾಗಿದೆ, ಅದನ್ನು ಬರೆಯಬಲ್ಲ ಫಾಂಟ್ ಇಲ್ಲ ಅಷ್ಟೆ. ಕನ್ನಡ ಫಾಂಟ್ ಹಾಕಿದ ಕೂಡಲೇ ಹೋಗುತ್ತೆ. ಈ ಚೌಕಗಳಿಗೆ ಇಂಗ್ಲಿಷಿನಲ್ಲಿ 'ಟೋಫು' ಅಂತಾರೆ. 'ಟೋಫು ಬೇಡ' ಎಂಬುದರಿಂದಲೇ ನೋಟೊ ಎಂಬ ಹೆಸರು ಹುಟ್ಟಿದ್ದು.

ಅರ್ಥವಿಲ್ಲದ ಇಂಗ್ಲಿಷ್ ಬಂದರೆ ಅದು 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಾಲದ ಫೈಲ್. ಆಗ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಫೈಲಿನಲ್ಲಿ ನಿಜಕ್ಕೂ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಕನ್ನಡದ ವೇಷ ಹಾಕುತ್ತಿತ್ತು. ಆ ಫಾಂಟ್ ಹೋದರೆ ವೇಷವೂ ಹೋಯ್ತು. ಈಗಿನದು ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ. ಹೊಸ ಯೂನಿಕೋಡ್ ಫಾಂಟ್ ಎಷ್ಟು ಹಾಕಿದರೂ ಉಪಯೋಗವಿಲ್ಲ, ಪಠ್ಯವನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ 'ಧರ್ಮ', 'ಸೂರ್ಯ' ಥರ ಅರ್ಕಾವತ್ತು ಇರುವ ಪದಗಳನ್ನೊಮ್ಮೆ ಹುಡುಕಿ ನೋಡಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡ್‌ನಲ್ಲಿ 'ರ್' ಮೊದಲು ಬರುತ್ತೆ. ಜಾಗ ಬದಲಿಸುವಾಗ ಎಡವಟ್ಟಾಗುವುದು ಇಲ್ಲೇ.

ಚುಕ್ಕಿ ವೃತ್ತ ಬಂದರೆ ಗುಣಿತದ ಚಿಹ್ನೆಯೋ ಒತ್ತೋ ತನ್ನ ವ್ಯಂಜನ ಕಳೆದುಕೊಂಡು ಒಂಟಿಯಾಗಿದೆ ಎಂದರ್ಥ. ಟೈಪಿಂಗ್ ತಪ್ಪು. ವೃತ್ತ ಇರುವಲ್ಲಿ ಅಳಿಸಿ, ಪದವನ್ನು ಮತ್ತೆ ಟೈಪ್ ಮಾಡಿ.

ಪ್ರಶ್ನೆ: ಹಳಗನ್ನಡ ಪದ್ಯ ಟೈಪ್ ಮಾಡುತ್ತಿದ್ದೇನೆ. 'ೞ' ಒಂದು ಮಾತ್ರ ಬೇರೆ ಅಳತೆಯಲ್ಲಿ, ಬೇರೆಯವರ ಮನೆಯಿಂದ ಬಂದ ಹಾಗೆ ಕಾಣುತ್ತೆ.

ಉತ್ತರ: ಬೇರೆಯವರ ಮನೆಯಿಂದಲೇ ಬಂದಿದೆ. ಬದಲಿ ಫಾಂಟ್ ಇಡೀ ಸಾಲಿಗೇ ಬರಬೇಕೆಂದಿಲ್ಲ, ಒಂದೊಂದು ಅಕ್ಷರಕ್ಕೂ ಬರುತ್ತೆ. ನೀವು ಆರಿಸಿದ ಫಾಂಟ್‌ನಲ್ಲಿ 'ೞ' ಇಲ್ಲ, ಕಂಪ್ಯೂಟರ್ ಇನ್ನೊಂದರಿಂದ ಸಾಲ ತಂದಿದೆ. ಪಾಪ, ಆ ಅಕ್ಷರದ ಹಣೆಬರಹವೇ ಸರಿ ಇಲ್ಲ. ಯೂನಿಕೋಡ್‌ನಲ್ಲಿ ಅದಕ್ಕೆ ತಪ್ಪಾಗಿ 'ಫ' ಎಂದು ಹೆಸರಿಟ್ಟರು, ಒಮ್ಮೆ ಇಟ್ಟ ಹೆಸರು ಬದಲಿಸುವುದಿಲ್ಲ ಎಂಬುದು ಅಲ್ಲಿನ ನಿಯಮ.

ಲಿನಕ್ಸ್‌ನಲ್ಲಿ 'ಎಫ್‌ಸಿ-ಲಿಸ್ಟ್' ಬರೆದು, ಜಾಗ ಬಿಟ್ಟು, ಕೋಲನ್ ಹಾಕಿ 'ಕ್ಯಾರ್‌ಸೆಟ್' ಸಮ 'ಸಿ' 'ಡಿ' 'ಇ' ಎಂದು ಕೊಡಿ. ಆ ಮೂರು ಅಕ್ಷರ 'ೞ'ದ ಸಂಖ್ಯೆ. ಅದು ಇರುವ ಫಾಂಟ್‌ಗಳ ಪಟ್ಟಿ ಬರುತ್ತೆ. ಅವುಗಳಲ್ಲಿ ಒಂದನ್ನು ಇಡೀ ಪದ್ಯಕ್ಕೆ ಹಾಕಿ. 'ೞ'ಕ್ಕೆ ಮಾತ್ರ ಹಾಕಿದರೆ ನೆಂಟ ನೆಂಟನಾಗಿಯೇ ಉಳಿಯುತ್ತಾನೆ.

ಪ್ರಶ್ನೆ: ಇಡೀ ಪುಟ ಒಟ್ಟಿಗೆ ಕಾಣಲಿ ಅಂತ ಮಾನಿಟರ್ ಅನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದೆ. ಅವತ್ತಿನಿಂದ ಅಕ್ಷರದ ಅಂಚಿಗೆ ಕೆಂಪು, ನೀಲಿ ಕಾಣುತ್ತೆ. ಕಣ್ಣು ಪರೀಕ್ಷೆ ಮಾಡಿಸಿದೆ, ಕಣ್ಣು ಸರಿ ಇದೆಯಂತೆ.

ಉತ್ತರ: ಕಣ್ಣು ಸರಿ ಇದೆ, ಮಾನಿಟರ್ ಸಹ ಸರಿ ಇದೆ. ತೆರೆಯ ಒಂದೊಂದು ಚುಕ್ಕಿಯೊಳಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿ ಅಕ್ಕಪಕ್ಕ ನಿಂತಿರುತ್ತವೆ. ಅಕ್ಷರದ ಅಂಚು ನುಣುಪಾಗಿ ಕಾಣಲೆಂದು ಕಂಪ್ಯೂಟರ್ ಈ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬೆಳಗಿಸುತ್ತೆ. ವಿಂಡೋಸ್‌ನ ಕ್ಲಿಯರ್‌ಟೈಪ್ ಮಾಡುವುದೂ ಇದನ್ನೇ. ನೀವು ಮಾನಿಟರ್ ತಿರುಗಿಸಿದಿರಿ, ಅಕ್ಕಪಕ್ಕ ಇದ್ದ ಪಟ್ಟಿಗಳು ಮೇಲೆ ಕೆಳಗೆ ಆದವು. ಅಕ್ಷರ ಬರೆಯುವವನಿಗೆ ಅದು ಗೊತ್ತಿಲ್ಲ. ಲಿನಕ್ಸ್‌ನಲ್ಲಾದರೆ ಫಾಂಟ್ ಸೆಟ್ಟಿಂಗ್‌ನಲ್ಲಿ 'ಸಬ್‌ಪಿಕ್ಸೆಲ್' ಬಿಟ್ಟು 'ಗ್ರೇಸ್ಕೇಲ್' ಆರಿಸಿ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ 'ವರ್ಟಿಕಲ್ ಆರ್‌ಜಿಬಿ' ಎಂಬ ಆಯ್ಕೆಯೂ ಇದೆ, ಇದ್ದರೆ ಅದೇ ಒಳ್ಳೆಯದು. ವಿಂಡೋಸ್ ಆದರೆ ಕ್ಲಿಯರ್‌ಟೈಪ್ ಆಫ್ ಮಾಡಿ ನೋಡಿ. ಮ್ಯಾಕ್‌ನವರಿಗೆ ಈ ತಲೆನೋವಿಲ್ಲ, 2018ರ ಮೊಹಾವೆಯಿಂದ ಆಪಲ್ ಈ ಪದ್ಧತಿಯನ್ನೇ ಕೈಬಿಟ್ಟಿತು.

ಹೇಗೂ ಆ ಸೆಟ್ಟಿಂಗ್ ತೆರೆದಿರುತ್ತೀರಿ, 'ಹಿಂಟಿಂಗ್' ಎಂಬುದನ್ನೂ ನೋಡಿ. 'ಫುಲ್' ಇದ್ದರೆ 'ಸ್ಲೈಟ್' ಮಾಡಿ. 'ಫುಲ್' ಎಂದರೆ ಗೆರೆಗಳನ್ನು ನಾಲ್ಕೂ ಕಡೆ ಚುಕ್ಕಿಗಳ ಮನೆಗೆ ತಳ್ಳಿ ಕೂರಿಸುವುದು. 'ಸ್ಲೈಟ್' ಮೇಲೆ ಕೆಳಗೆ ಮಾತ್ರ ಸರಿಸುತ್ತೆ. ಗುಂಡಗಿನ ಕನ್ನಡ ಅಕ್ಷರಕ್ಕೆ ಎರಡನೆಯದೇ ಹಿತ.

ಏನು ಬದಲಾಯಿಸಿದರೂ ನಾನು ಒಂದು ಸಾಲು ಟೈಪ್ ಮಾಡಿ ನೋಡುತ್ತೇನೆ: 'ಠಕ್ಕ ರಥ ದಧಿ ಕ್ಷಣ ರಾಷ್ಟ್ರ ಸ್ವಾತಂತ್ರ್ಯ ರ‍್ಯಾಂಕ್'. ಅರ್ಥ ಕೇಳಬೇಡಿ. 'ಠ'ದ ಹೊಟ್ಟೆಯ ಚುಕ್ಕಿ ಮಸುಕಾದರೆ ಅದು 'ರ' ಆಗಿಬಿಡುತ್ತೆ. 'ಧ'ದ ಕೆಳಗಿನ ಸೀಳು ಮುಚ್ಚಿದರೆ 'ದ'. 'ತ್ರ್ಯ'ದಲ್ಲಿ ಎರಡು ಒತ್ತು ಬಿಡಿಬಿಡಿಯಾಗಿ ಕಾಣಬೇಕು. ಕೊನೆಯ ಪದದಲ್ಲಿ 'ರ'ಕ್ಕೆ 'ಯ' ಒತ್ತು ಬರಬೇಕು, ಅರ್ಕಾವತ್ತು ಬಂದರೆ ಫಾಂಟ್ ಹಳೆಯದು. ಓದುವ ಅಳತೆಯಲ್ಲೇ ನೋಡಿ, ದೊಡ್ಡದು ಮಾಡಿದರೆ ಎಲ್ಲ ಫಾಂಟೂ ಚೆಂದ.

ಪ್ರಶ್ನೆ: ವಿಂಡೋಸ್ 10 ಹೊಸದಾಗಿ ಹಾಕಿಸಿದೆ. ತುಂಗಾ ಮಾಯ. ಯಾರದಾದರೂ ಕಂಪ್ಯೂಟರ್‌ನಿಂದ ನಕಲು ಮಾಡಿಕೊಳ್ಳಲೇ?

ಉತ್ತರ: ಬೇಡ. ವಿಂಡೋಸ್ 8ರಿಂದ ನಿರ್ಮಲಾ ಯುಐ ಎಂಬ ಫಾಂಟ್ ಜೊತೆಗೇ ಬರುತ್ತೆ, ಕನ್ನಡ ತೋರಿಸುವ ಕೆಲಸ ಈಗ ಅದರದು. ತುಂಗಾ ಐಚ್ಛಿಕ ಪಟ್ಟಿಗೆ ಹೋಗಿದೆ. ಸೆಟ್ಟಿಂಗ್ಸ್‌ನಲ್ಲಿ 'ಆಪ್ಷನಲ್ ಫೀಚರ್ಸ್' ಹುಡುಕಿ, 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿ. ಇಂಟರ್‌ನೆಟ್ ಇದ್ದರೆ ಸಾಕು.

ಪ್ರಶ್ನೆ: ಅಕ್ಷರ ಎಲ್ಲ ಚೆನ್ನಾಗಿದೆ, ಆದರೆ ಒತ್ತುಗಳ ಕೆಳಗಿನ ಅರ್ಧ ಕತ್ತರಿಸಿ ಹೋಗಿದೆ. ಫಾಂಟ್ ಬದಲಿಸಿ ಬದಲಿಸಿ ಸಾಕಾಯ್ತು.

ಉತ್ತರ: ಫಾಂಟ್ ಪಾಡಿಗೆ ಫಾಂಟ್ ಇರಲಿ. ಸಾಲಿನ ಅಂತರ 'ಫಿಕ್ಸ್ಡ್' ಅಥವಾ 'ಎಕ್ಸಾಕ್ಟ್ಲಿ' ಎಂದು ಇರುತ್ತೆ ನೋಡಿ. ಇಂಗ್ಲಿಷ್ ಅಳತೆಗೆ ಕಟ್ಟಿದ ಟೆಂಪ್ಲೇಟ್ ಇರಬೇಕು. 'ಅಟ್ ಲೀಸ್ಟ್' ಅಂತ ಮಾಡಿ, ಒತ್ತು ಕಾಲು ಚಾಚಿಕೊಳ್ಳುತ್ತೆ.