ಅಟ್ಟ ಏರುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮೂರ ಜಾತ್ರೆಯಲ್ಲಿ ನಾಟಕ ಶುರುವಾಗುವ ಮುಂಚೆ ಕತೆ ಓದಲು ಕಮಿಟಿಯವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಹೋದ ವರ್ಷವೂ ಓದಿದ್ದೆ. ಅರ್ಧಕ್ಕೇ ಜನ ಎದ್ದು ಚುರಮುರಿ ಅಂಗಡಿ ಕಡೆ ಹೋದರು. ಅದೇ ಕತೆ ಪತ್ರಿಕೆಯಲ್ಲಿ ಬಂದಾಗ ಮೆಚ್ಚಿ ಫೋನ್ ಮಾಡಿದವರು ಬಹಳ. ಎಲ್ಲಿ ತಪ್ಪಿದೆ?
(ಓದುಗರೊಬ್ಬರು, ಇಳಕಲ್ಲ)

ಉತ್ತರ: ಮೊದಲು ಅಳತೆ ನೋಡಿರಿ. ಕನ್ನಡ ಗದ್ಯವನ್ನು ಬಯಲಿನಲ್ಲಿ, ಕಡೆಯ ಸಾಲಿಗೂ ಮುಟ್ಟುವಂತೆ ಓದಿದರೆ ನಿಮಿಷಕ್ಕೆ ಸುಮಾರು 90ರಿಂದ 100 ಪದ ಸಾಗುತ್ತದೆ. ಪತ್ರಿಕೆಯ ಕತೆ 2,500 ಪದದ್ದಾದರೆ ಅದಕ್ಕೆ ಇಪ್ಪತ್ತೈದು ನಿಮಿಷ ಬೇಕು. ಅದನ್ನು ಹದಿನೈದಕ್ಕೆ ತುರುಕಲು ಹೋದಾಗ ಓದು ಓಟವಾಗುತ್ತದೆ, ಜನ ಏಳುವುದೂ ಆಗಲೇ. ನೀವು 12 ನಿಮಿಷಕ್ಕೆ ಸಿದ್ಧರಾಗಿ, ಅಂದರೆ ಹೆಚ್ಚೆಂದರೆ 1,100 ಪದ. ಉಳಿದ ಮೂರು ನಿಮಿಷ ನಿರೂಪಕರ ಪರಿಚಯ, ನಿಮ್ಮ ನಮಸ್ಕಾರ, ಮೈಕ್ ಎತ್ತರ ಸರಿಮಾಡುವುದರಲ್ಲೇ ಕಳೆಯುತ್ತವೆ.

ಇನ್ನು ಏನನ್ನು ಕತ್ತರಿಸಬೇಕು? ಮೊದಲಿನ ಮಳೆ, ಮೋಡ, ಹೊಲದ ವರ್ಣನೆ ತೆಗೆದು, ಯಾರಾದರೂ ಮಾತಾಡುವ ಜಾಗದಿಂದ ಶುರುಮಾಡಿರಿ. ಆಮೇಲೆ ಉದ್ದನೆಯ ವಿಶೇಷಣಗಳಿಗೆ ಕೈ ಹಾಕಿರಿ. "ಹೋದ ಸಂತೆಯಲ್ಲಿ ಮಾರಿದ ಎತ್ತಿನ ದುಡ್ಡಿನಲ್ಲಿ ಸಾಲ ತೀರಿಸಿದ ತಮ್ಮನ ಹೆಂಡತಿ" ಎಂಬ ಸಾಲನ್ನು ಕಣ್ಣು ಹಿಂದೆ ಸರಿದು ಮತ್ತೆ ಓದಿಕೊಳ್ಳುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ, "ಹೆಂಡತಿ" ಬರುವ ಹೊತ್ತಿಗೆ ಎತ್ತು ಮರೆತುಹೋಗಿರುತ್ತದೆ. ಅದನ್ನು ಮೂರು ವಾಕ್ಯ ಮಾಡಿರಿ: ತಮ್ಮ ಎತ್ತು ಮಾರಿದ. ಸಾಲ ತೀರಿಸಿದ. ಅವನ ಹೆಂಡತಿ ಹೀಗಂದಳು. ಸಂಭಾಷಣೆಯಲ್ಲಿ "ಅಂದ ಮಲ್ಲಪ್ಪ" ಎಂದು ಕೊನೆಗೆ ಹೆಸರು ಬರುವ ಕಡೆಯೆಲ್ಲ ಹೆಸರನ್ನು ಮುಂದಕ್ಕೆ ತನ್ನಿರಿ. ಒಂದೇ ಕತೆಯಲ್ಲಿ ಬಸಪ್ಪ, ಬಸವ್ವ, ಬಸವರಾಜ ಮೂವರೂ ಇದ್ದರೆ (ನಮ್ಮ ಕಡೆ ಇದು ತಪ್ಪಿದ್ದಲ್ಲ) ಒಬ್ಬನನ್ನು ಬಡಿಗ್ಯಾ, ಇನ್ನೊಬ್ಬನನ್ನು ತಲಾಠಿ ಎಂದು ಕಸುಬಿನಿಂದಲೇ ಕರೆಯಿರಿ.

ಪ್ರತಿಯನ್ನು 16 ಪಾಯಿಂಟ್ ಅಕ್ಷರದಲ್ಲಿ, ಹಾಳೆಯ ಒಂದೇ ಮಗ್ಗುಲಿಗೆ ಮುದ್ರಿಸಿ, ಪುಟಸಂಖ್ಯೆ ದೊಡ್ಡದಾಗಿ ಹಾಕಿರಿ. ವಾಕ್ಯ ಪುಟ ದಾಟದಿರಲಿ, ತಿರುವುವ ಹೊತ್ತಿನ ಮೌನ ನಡುವಾಕ್ಯದಲ್ಲಿ ಬಿದ್ದರೆ ಕತೆ ಮುಗಿಯಿತೆಂದು ಚಪ್ಪಾಳೆ ಬರುತ್ತದೆ. ಪಿನ್ನು ಹೊಡೆಯಬೇಡಿ. ಬಯಲಲ್ಲಿ ಗಾಳಿ ಇರುತ್ತದೆ, ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ರಟ್ಟು ಸಾಕು. ಮೊಬೈಲಿನಲ್ಲಿ ಓದುವುದು ಬೇಡವೇ ಬೇಡ; ಪರದೆ ನಡುವೆ ಮಂಕಾಗುತ್ತದೆ, ಇಲ್ಲವೇ ಮಾವನ ಫೋನ್ ಬರುತ್ತದೆ.

ಮೈಕಿನ ತಲೆ ಬಾಯಿಂದ ನಾಲ್ಕು ಬೆರಳು ದೂರ, ತುಟಿಯ ಅಂಚಿಗೆ ಓರೆಯಾಗಿರಲಿ. ನೇರ ಹಿಡಿದರೆ ಪ, ಫ, ಬ, ಭ ಬಂದಾಗಲೆಲ್ಲ "ಧಪ್" ಎನ್ನುತ್ತದೆ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೂ, ಸ್ಪೀಕರಿನ ಡಬ್ಬಿ ಮೈಕಿನ ಎದುರಿಗೇ ಇದ್ದರೂ ಅದು ಕಿರುಚುತ್ತದೆ. ಡಬ್ಬಿಗಳು ನಿಮಗಿಂತ ಮುಂದೆ, ಜನರ ಕಡೆ ಮುಖಮಾಡಿ ಇರಬೇಕು. ಎಲ್ಲಕ್ಕಿಂತ ಮುಖ್ಯ, ಭಜನೆಯವರಿಗಾಗಿ ಏರಿಸಿಟ್ಟ ಎಕೋವನ್ನು ತೆಗೆಸಿರಿ. ಹಾಡಿಗೆ ಅದು ಚಂದ. ಗದ್ಯಕ್ಕೆ ಬಂದರೆ ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಕೂಡುತ್ತದೆ, ಹಿಂದೆ ಕೂತವರಿಗೆ ಬರೀ ಗುಂಯ್ ಎಂದು ಕೇಳಿಸುತ್ತದೆ. ನೀವು ಅರ್ಧ ತಾಸು ಮೊದಲೇ ಹೋಗಿ ಸೌಂಡಿನ ಹುಡುಗನ ಹೆಸರು ಕೇಳಿಕೊಂಡಿರಿ. ಮೇಲಿಂದ "ಏ ಮೈಕ್‌ನವ" ಎಂದರೆ ಅವನು ಏಳುವುದಿಲ್ಲ.

ಕಮಿಟಿಯವರಿಗೆ ಇನ್ನೊಂದು ಮಾತು ಹೇಳಿರಿ: ಸನ್ಮಾನ ಆದ ಮೇಲೆ ಓದು ಇಡಬೇಡಿ. ಹದಿನೆಂಟು ಜನರಿಗೆ ಶಾಲು ಹೊದಿಸಿದ್ದನ್ನು ನೋಡಿದವರಿಗೆ ಕತೆ ಕೇಳುವ ತ್ರಾಣ ಉಳಿದಿರುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಎಂಟು, ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಒಂದು ದಿನದ ಕವಿತೆ ಕಮ್ಮಟ ಮಾಡಬೇಕೆಂದಿದ್ದೇವೆ. ಹೋದ ಸಲ "ಪರಿಸರ" ಎಂದು ವಿಷಯ ಕೊಟ್ಟೆವು. ಎಲ್ಲರೂ "ಗಿಡ ನೆಡಿರಿ" ಎಂದೇ ಬರೆದರು.
(ಶಿಕ್ಷಕಿಯೊಬ್ಬರು, ಬೈಲಹೊಂಗಲ)

ಉತ್ತರ: ವಿಷಯ ಕೊಟ್ಟರೆ ಘೋಷಣೆಯೇ ಬರುತ್ತದೆ, ಅದರಲ್ಲಿ ಮಕ್ಕಳ ತಪ್ಪಿಲ್ಲ. ಅದರ ಬದಲು ವಸ್ತು ಕೊಡಿರಿ. ಒಬ್ಬೊಬ್ಬರೂ ಮನೆಯ ಅಡಿಗೆಕೋಣೆಯಿಂದ ಒಂದೊಂದು ಸಾಮಾನು ತರಲಿ: ಕಡಗೋಲು, ಮೊರ, ಸವೆದ ಹುಟ್ಟು. ಹತ್ತು ನಿಮಿಷ ಅದನ್ನು ಕೈಯಲ್ಲಿ ಹಿಡಿದು, "ಸುಂದರ", "ಅದ್ಭುತ" ಎಂಬ ಪದಗಳನ್ನು ಬಳಸದೆ, ಎಲ್ಲಿ ಸವೆದಿದೆ, ಏನು ವಾಸನೆ, ಯಾರ ಕೈ ಮುಟ್ಟಿದೆ ಎಂದು ಬರೆಯಲಿ. ಒಬ್ಬ ಮಾರ್ಗದರ್ಶಿಗೆ ಹನ್ನೆರಡು ಮಕ್ಕಳು, ಇಬ್ಬರಿದ್ದರೆ ಇಪ್ಪತ್ತನಾಲ್ಕು. ಅದಕ್ಕಿಂತ ಹೆಚ್ಚಾದರೆ ಅದು ಕಮ್ಮಟ ಹೋಗಿ ತರಗತಿಯಾಗುತ್ತದೆ. ಇಪ್ಪತ್ತನಾಲ್ಕು ಮಕ್ಕಳಿಗೆ 200 ಬಿಳಿ ಹಾಳೆ ಇರಲಿ. ಗೆರೆಯ ಹಾಳೆ ಕೊಟ್ಟರೆ ಪ್ರಬಂಧ ಬರೆಯುತ್ತಾರೆ.

ಊಟದ ಮುಂಚಿನ ಒಂದೂವರೆ ತಾಸು ತ್ರಿಪದಿಗೆ ಇಡಿರಿ. ಊರಿನ ಹಾಡುವ ಅಜ್ಜಿಯೊಬ್ಬರನ್ನು ಕರೆಯಿರಿ. ಮೈಕ್ ಮುಂದೆ ಕೂರಿಸಿದರೆ "ನನಗ ಬರೂದಿಲ್ಲ ಯವ್ವಾ" ಎನ್ನುತ್ತಾರೆ. ಬೀಸುಕಲ್ಲು, ಒಂದು ಸೇರು ಜೋಳ ಕೊಟ್ಟು ಎದುರಿಗೆ ಇನ್ನೊಬ್ಬರನ್ನು ಕೂರಿಸಿದರೆ ಹಾಡು ತಾನೇ ಬರುತ್ತದೆ, ಯಾಕೆಂದರೆ ಅದರ ಲಯ ಕಲ್ಲಿನ ಸುತ್ತಿನಲ್ಲಿದೆ. ಹಾಡುವಾಗ ಎರಡನೆಯ ಸಾಲು ಮರಳಿ ಬರುವುದನ್ನು ಮಕ್ಕಳು ಚಪ್ಪಾಳೆಯಿಂದ ಗುರುತಿಸಲಿ. ಗಣದ ಹೆಸರನ್ನು ಆಮೇಲೆ ಹೇಳಿದರೆ ಸಾಕು: ಒಟ್ಟು 11 ಗಣ; ನಾಲ್ಕು, ನಾಲ್ಕು, ಮೂರು; ಆರನೆಯದೂ ಹತ್ತನೆಯದೂ ಬ್ರಹ್ಮಗಣ (ಗಿಡ್ಡದು), ಉಳಿದವು ವಿಷ್ಣುಗಣ (ಅದಕ್ಕಿಂತ ಉದ್ದದ್ದು).

ಮಕ್ಕಳು ಎಡವುವುದು ಪ್ರಾಸದಲ್ಲಿ. ಸಿನೆಮಾ ಹಾಡಿನ ರೂಢಿಯಿಂದ ಸಾಲಿನ ಕೊನೆಗೆ ಪ್ರಾಸ ಹಾಕುತ್ತಾರೆ. ತ್ರಿಪದಿಯಲ್ಲಿ ಅದು ಮೊದಲೆರಡು ಸಾಲುಗಳ ಎರಡನೆಯ ಅಕ್ಷರಕ್ಕೆ ಬರಬೇಕು. ರೊಟ್ಟಿ, ಬುಟ್ಟಿ, ಹಿಟ್ಟು, ತೊಟ್ಟಿಲು ಎಂದು ಹಲಗೆಯ ಮೇಲೆ ಮೊದಲೇ ಪದ ಕೂಡಿಸಿಕೊಂಡು, ಅವುಗಳಿಂದಲೇ ಸಾಲು ಶುರುಮಾಡಿಸಿರಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ಹೊರತಂದ "ಗರತಿಯ ಹಾಡು" ಗ್ರಂಥಾಲಯದಲ್ಲಿದ್ದರೆ ಆ ದಿನ ಮೇಜಿನ ಮೇಲಿರಲಿ. ಮಕ್ಕಳು "ಹೋಗೂಣು", "ಬರಾಕತ್ತಾಳ" ಎಂದು ಬರೆದರೆ ಕೆಂಪು ಶಾಯಿ ಮುಟ್ಟಿಸಬೇಡಿ. ಕೊನೆಗೆ ಪ್ರತಿಯೊಬ್ಬರಿಗೂ ಎರಡು ನಿಮಿಷ ಓದು, ಅದಕ್ಕೆ 48 ನಿಮಿಷ ಬೇಕೇ ಬೇಕು. ಮುಖ್ಯೋಪಾಧ್ಯಾಯರ ಭಾಷಣವನ್ನು ಬೆಳಿಗ್ಗೆಯೇ ಮುಗಿಸಿಬಿಡಿ. ಅಜ್ಜಿಗೆ ಕೊಡುವ ಗೌರವಧನ ಅತಿಥಿ ಕವಿಗೆ ಕೊಡುವಷ್ಟೇ ಇರಲಿ.

ಪ್ರಶ್ನೆ: ನನ್ನ ಕವಿತೆಗಳನ್ನು ಗೀಗೀ ಮೇಳದವರಿಂದ ಹಾಡಿಸುವ ಆಸೆ. ಕೊಟ್ಟ ಕವಿತೆ ನೋಡಿ ಅವರು "ಇದು ಕೂಡೂದಿಲ್ಲ ಸರ್" ಅಂದರು.
(ಓದುಗರೊಬ್ಬರು, ಸಿಂದಗಿ)

ಉತ್ತರ: ಅವರ ಮಾತು ಖರೆ. ಗೀಗೀ ಪದಕ್ಕೆ ಪಲ್ಲ (ಮರಳಿ ಮರಳಿ ಬರುವ ಸಾಲು), ನುಡಿ (ಪದ್ಯದ ಭಾಗ), ಚಾಲ, ಏರು, ಇಳುವು ಎಂಬ ಕಟ್ಟಿದೆ. ಮುಮ್ಮೇಳದವರು ದಪ್ಪು ಬಾರಿಸುತ್ತ ಸಾಲು ಬಿಡುತ್ತಾರೆ, ತುಂತುಣಿ, ತಾಳದವರು ಹಿಂದಿನಿಂದ "ಗೀಯ ಗೀಯ" ಎಂದು ಅದನ್ನು ಎತ್ತಿಕೊಳ್ಳುತ್ತಾರೆ. ಉದ್ದ ಗಿಡ್ಡ ಸಾಲಿನ ನವ್ಯ ಕವಿತೆಯಲ್ಲಿ ಹಿಮ್ಮೇಳಕ್ಕೆ ಹಿಡಿಯಲು ಹಿಡಿಕೆಯೇ ಇರುವುದಿಲ್ಲ. ಅಚ್ಚಾದ ಕವಿತೆಯನ್ನು ಎಳೆದಾಡುವುದಕ್ಕಿಂತ ಹೊಸದಾಗಿ ಬರೆಯುವುದು ಮೇಲು. ಮೇಳದವರ ಒಂದು ಪದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದರ ಮೇಲೆ ಕೂಡ್ರುವಂತೆ ಪಲ್ಲದ ಎರಡು ಸಾಲು ಮೊದಲು ಕಟ್ಟಿರಿ. ಪಲ್ಲವನ್ನು ಒಂದು ಸಲ ಕೇಳಿದವರು ಮರಳಿ ಅನ್ನುವಂತಿರಬೇಕು. ಅದು ಕೂಡಿದ ಮೇಲೇ ನುಡಿ. ಹರದೇಶಿ, ನಾಗೇಶಿ ಎಂದು ಎರಡು ಮೇಳ ಎದುರಾಗಿ ವಾದ ಹೂಡುವ ಕ್ರಮ ನಿಮ್ಮ ಭಾಗದಲ್ಲಿ ಇದ್ದೇ ಇದೆ. ನಿಮ್ಮ ವಸ್ತುವಿಗೆ ಎರಡು ಪಕ್ಷ ಇದ್ದರೆ ಆ ದಾರಿ ಹಿಡಿಯಿರಿ.

ಮೇಳವನ್ನು ರಾತ್ರಿ ಹಾಡಿಸುವುದಾದರೆ ಇದೂ ಗೊತ್ತಿರಲಿ: ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ಹಬ್ಬ, ಉತ್ಸವಗಳಿಗೆ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷದಲ್ಲಿ 15 ದಿನಕ್ಕೆ ಮಿಕ್ಕದಂತೆ. ಹಗಲಾದರೂ ಲಿಖಿತ ಪರವಾನಗಿ ಬೇಕು.

ಪ್ರಶ್ನೆ: ನಮ್ಮ ಬಳಗದ ಕಾರ್ಯಕ್ರಮದಲ್ಲಿ ಮಧುರಚೆನ್ನರ, ಬೇಂದ್ರೆಯವರ ಕವಿತೆ ಹಾಡಲು ಅನುಮತಿ ಬೇಕೇ?
(ಓದುಗರೊಬ್ಬರು, ಇಂಡಿ)

ಉತ್ತರ: ಕವಿ ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಧುರಚೆನ್ನರು ತೀರಿಕೊಂಡದ್ದು 1953ರಲ್ಲಿ, ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳ ಹಕ್ಕು 2013ರ ಕೊನೆಗೆ ಮುಗಿದಿದೆ. ಬೇಂದ್ರೆಯವರು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಇದೆ. ಹವ್ಯಾಸಿ ಬಳಗದವರು ಟಿಕೆಟ್ ಇಲ್ಲದೆ, ಪುಕ್ಕಟೆ ಬಂದ ಪ್ರೇಕ್ಷಕರ ಮುಂದೆ ಹಾಡಿದರೆ 1957ರ ಕಾಯ್ದೆಯಲ್ಲೇ ವಿನಾಯಿತಿ ಇದೆ. ಎಡವುವುದು ಮರುದಿನ, ವಿಡಿಯೋವನ್ನು ಯೂಟ್ಯೂಬಿಗೆ ಏರಿಸಿದಾಗ. ಆ ವಿನಾಯಿತಿ ಅಲ್ಲಿಗೆ ಬರುವುದಿಲ್ಲ. ಕವಿತೆ ಹಳೆಯದಾದರೂ ರಾಗ ಹಾಕಿದವರ ಹಕ್ಕು ಬೇರೆ ಎಂಬುದೂ ನೆನಪಿರಲಿ.

ಪ್ರಶ್ನೆ: ಉಪನ್ಯಾಸಕ್ಕೆ ಕರೆಯುತ್ತಾರೆ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಬಸ್ ಚಾರ್ಜ್ ಕೈಯಿಂದಲೇ. ಕೇಳಲು ಸಂಕೋಚ.
(ಓದುಗರೊಬ್ಬರು, ಗೋಕಾಕ)

ಉತ್ತರ: ಕರೆದ ದಿನವೇ ಕೇಳಿದರೆ ಸಂಕೋಚ ಕಡಿಮೆ. "ಪ್ರಯಾಣ ವೆಚ್ಚ, ಗೌರವಧನ ಎಷ್ಟು ಇಟ್ಟೀರಿ, ಎಷ್ಟು ನಿಮಿಷ ಮಾತು, ರಾತ್ರಿಯಾದರೆ ವಸತಿ ಎಲ್ಲಿ" ಎಂದು ಒಂದೇ ವಾಟ್ಸ್ಯಾಪ್ ಸಂದೇಶ ಕಳಿಸಿರಿ. ಉತ್ತರ ಬರಹದಲ್ಲಿ ಬರಲಿ. ಗೆಳೆಯರ ಕಾರ್ಯಕ್ರಮಕ್ಕೆ ಪುಕ್ಕಟೆ ಹೋಗುವುದು ನಿಮ್ಮ ಖುಷಿ, ಆದರೆ ಪೆಂಡಾಲಿಗೆ, ಊಟಕ್ಕೆ ಬಿಲ್ ಕೊಡುವವರು ಮಾತಿಗೂ ಕೊಡಲಿ.

ಪ್ರಶ್ನೆ: ಕಾಲೇಜಿನಲ್ಲಿ ರನ್ನನ ಮೇಲೆ 40 ನಿಮಿಷ ಮಾತಾಡಬೇಕು. ಹಳಗನ್ನಡ ಎಂದರೆ ಹುಡುಗರು ಮೊಬೈಲ್ ತೆಗೆಯುತ್ತಾರೆ.
(ಓದುಗರೊಬ್ಬರು, ಮುಧೋಳ)

ಉತ್ತರ: ಮುಧೋಳದಲ್ಲಿ ನಿಂತು "ರನ್ನ ನಮ್ಮೂರವನು" ಎಂದು ಹತ್ತು ನಿಮಿಷ ಹೇಳುವ ಅಗತ್ಯವಿಲ್ಲ. ಅಜಿತಪುರಾಣ 993ರದು ಎಂದು ಒಂದು ಸಾಲು ಹೇಳಿ ನೇರ ಗದಾಯುದ್ಧಕ್ಕೆ ಹೋಗಿರಿ. ಅದರಲ್ಲೂ ಒಂದೇ ಜಾಗ: ದುರ್ಯೋಧನ ರಣರಂಗದಲ್ಲಿ ನಡೆಯುತ್ತ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಇವರ ಹೆಣಗಳನ್ನು ಒಂದೊಂದಾಗಿ ಕಾಣುವ ಭಾಗ. ಶತ್ರುವಿನ ಮಗ ಅಭಿಮನ್ಯುವಿನ ಸಾಹಸವನ್ನು ಅವನೇ ಹೊಗಳುವ ಗಳಿಗೆಯಲ್ಲಿ ಹುಡುಗರು ತಲೆ ಎತ್ತುತ್ತಾರೆ. ಪದ್ಯ ನಾಲ್ಕು ಸಾಕು. ಒಂದೊಂದನ್ನೂ ಮೊದಲು ಪದ ಬಿಡಿಸಿ ಓದಿ, ಆಮೇಲೆ ಇವತ್ತಿನ ಮಾತಿನಲ್ಲಿ ಹೇಳಿ, ಕೊನೆಗೆ ಛಂದಸ್ಸಿಗೆ ತಕ್ಕಂತೆ ಪೂರ್ತಿ ಓದಿರಿ. ಪದ್ಯಕ್ಕೆ ಐದು ನಿಮಿಷದಂತೆ ಇಪ್ಪತ್ತಾಯಿತು, ಉಳಿದದ್ದು ಕತೆಗೂ ಪ್ರಶ್ನೆಗೂ. ಪದ್ಯಗಳ ಝೆರಾಕ್ಸ್ ಇಬ್ಬರಿಗೊಂದು ಹಾಳೆಯಂತೆ ಹಂಚಿರಿ. ಒಬ್ಬರಿಗೊಂದು ಕೊಟ್ಟರೆ ಮಡಚಿ ಕಿಸೆಗೆ ಹಾಕುತ್ತಾರೆ, ಇಬ್ಬರಿಗೊಂದಾದರೆ ಅದು ಡೆಸ್ಕಿನ ಮೇಲೆ ಇಬ್ಬರ ನಡುವೆ ತೆರೆದೇ ಇರುತ್ತದೆ.