ನಕ್ಷತ್ರವೋ, ಪೆಪ್ಪರಮಿಂಟೋ?

ಕುಮಟಾ ತಾಲೂಕಿನ ಅಕ್ಕೋರೊಬ್ಬರು, ಅಂದರೆ ಶಾಲೆಯ ಟೀಚರ್, ಬರೆದಿದ್ದಾರೆ: 'ಐದನೇ ತರಗತಿಯಲ್ಲಿ ಹೋಂವರ್ಕ್ ಮುಗಿಸಿದವರ ನೋಟ್‌ಬುಕ್ಕಿಗೆ ಒಂದು ನಕ್ಷತ್ರ ಅಂಟಿಸುತ್ತೇನೆ. ಐವತ್ತು ಸೇರಿದರೆ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ದಿನ ಕಂಪಾಸ್ ಪೆಟ್ಟಿಗೆ. ಜೂನ್‌ನಲ್ಲಿ ಮಕ್ಕಳು ಮುಗಿಬಿದ್ದರು. ಆಗಸ್ಟ್ ಬರುವಾಗ ಯಾರಿಗೂ ಬೇಡ. ನಮ್ಮ ಮಾಸ್ತರರು, ಚುಕ್ಕಿ ತಿನ್ನೋಕಾಗ್ತದಾ, ಕೂಡಲೇ ಪೆಪ್ಪರಮಿಂಟ್ ಕೊಡಿ ಅನ್ನುತ್ತಾರೆ. ಯಾವುದು ಸರಿ?'

ಅಕ್ಕೋರೇ, ಮಾಸ್ತರರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಇಳಿದವನಿಗೆ ಸಾರಿನ ಮೀನು ಅಲ್ಲೇ ಕೈಗೆ ಬಂದರೆ ಆಗುವ ಖುಷಿಯೇ ಬೇರೆ. ಆದರೆ ನಾನು ನಕ್ಷತ್ರದ ಪಕ್ಷ. ಪೆಪ್ಪರಮಿಂಟ್ ಎರಡು ತಿಂದ ಮೇಲೆ ಮೂರನೆಯದಕ್ಕೆ ಬೆಲೆ ಇಲ್ಲ. ನಕ್ಷತ್ರಕ್ಕೆ ಹೊಟ್ಟೆ ತುಂಬುವ ಕಾಟವಿಲ್ಲ, ಪಾಠವೂ ನಿಲ್ಲುವುದಿಲ್ಲ.

ಇದು ನನ್ನ ಹಟ ಮಾತ್ರ ಅಲ್ಲ. 1936ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ವೋಲ್ಫ್ ಚಿಂಪಾಂಜಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಭಾರದ ಹಿಡಿಕೆ ಎತ್ತಿದರೆ ದ್ರಾಕ್ಷಿ. ಆಮೇಲೆ ದ್ರಾಕ್ಷಿ ಬದಲು ಬಿಲ್ಲೆ. ಬಿಲ್ಲೆಯನ್ನು ಯಂತ್ರದ ಸೀಳಿಗೆ ಹಾಕಿದರೆ ದ್ರಾಕ್ಷಿ. ಬಿಲ್ಲೆಗಾಗಿಯೂ ಅವು ಹೆಚ್ಚುಕಡಿಮೆ ಅಷ್ಟೇ ದುಡಿದವು. ಒಂದು ಇನ್ನೊಂದರ ಹತ್ತಿರ ಬಿಲ್ಲೆ ಬೇಡುತ್ತಿತ್ತಂತೆ, ಕಿತ್ತುಕೊಳ್ಳುತ್ತಿತ್ತಂತೆ. ನಮ್ಮ ಹಾಗೇ ಅಲ್ವಾ?

ನಿಮ್ಮ ಆಗಸ್ಟ್ ತೊಂದರೆಗೂ ಉತ್ತರ ಇದೆ. 1950ರ ದಶಕದಲ್ಲಿ ಕೆಲ್ಲೆಹರ್ ಎಂಬವರು ಚಿಂಪಾಂಜಿಗಳಿಗೆ ಬಿಲ್ಲೆ ತುಂಬ ಸೇರಿದ ಮೇಲೆಯೇ ತಿನಿಸು ಎಂದು ಕಟ್ಟು ಮಾಡಿದರು. ಕೈ ಖಾಲಿ ಇದ್ದಾಗ ಅವು ಎಷ್ಟೋ ಹೊತ್ತು ಸುಮ್ನೆ ಕೂರುತ್ತಿದ್ದವು. ರಾಶಿ ಬೆಳೆದಂತೆ ಚುರುಕಾಗುತ್ತಿದ್ದವು. ಮೊದಲೇ ಒಂದಷ್ಟು ಬಿಲ್ಲೆ ಪುಕ್ಕಟೆ ಕೊಟ್ಟಾಗ ಆ ಸೋಮಾರಿತನ ಹೋಯಿತು. ಹಾಗಾದರೆ ನಿಮ್ಮ ಮಕ್ಕಳಿಗೂ ಮೊದಲ ನಾಲ್ಕು ನಕ್ಷತ್ರ ನೀವೇ ಅಂಟಿಸಿಬಿಡಿ. ಐವತ್ತರ ಲೆಕ್ಕ ಬಿಡಿ, ಹತ್ತು ಸಾಕು. ಪೆನ್ಸಿಲ್, ರಬ್ಬರ್, ಕಿಟಕಿ ಪಕ್ಕದ ಜಾಗ, ಏನಾದರೂ ಇಡಿ. ಪ್ರತಿ ಶುಕ್ರವಾರ ಅಂಗಡಿ ತೆರೆಯಿರಿ. ಹತ್ತು ವರ್ಷದ ಮಗುವಿಗೆ ಜೂನ್‌ನಿಂದ ಗ್ಯಾದರಿಂಗ್‌ವರೆಗೆ ಕಾಯಿ ಅಂದರೆ ಹೇಗೆ? ಅಷ್ಟು ತಾಳ್ಮೆ ಟೀಚರ್‌ಗಳಿಗೂ ಇಲ್ಲ, ಸಂಬಳ ಎರಡು ದಿನ ತಡವಾದರೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ. ಖುಷಿಯಿಂದ ಚಿತ್ರ ಬಿಡಿಸುವ ಮಗುವಿಗೆ ಚಿತ್ರಕ್ಕೆಂದು ನಕ್ಷತ್ರ ಆಸೆ ತೋರಿಸಬೇಡಿ. 1973ರಲ್ಲಿ ಲೆಪ್ಪರ್ ಮತ್ತು ಜೊತೆಗಾರರು ಪುಟ್ಟ ಮಕ್ಕಳಿಗೆ ಮೊದಲೇ ಹೇಳಿ ಪ್ರಶಸ್ತಿ ಪತ್ರ ಕೊಟ್ಟು ನೋಡಿದರು. ಆಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಮಗ್ಗಿ ಕಲಿಯುವವರಿಗೆ ಈ ಭಯ ಇಲ್ಲ. ಮಗ್ಗಿಯನ್ನು ಯಾರು ತಾವಾಗಿ ಪ್ರೀತಿಸಿದ್ದಾರೆ?

ಶಿರಸಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವವರಿಗೆ ಅಜ್ಜಿ ಡಬ್ಬಕ್ಕೊಂದು ಹುಣಸೆ ಬೀಜ ಕೊಡುತ್ತಿದ್ದಳು. ಶನಿವಾರ ಬೀಜ ಎಣಿಸಿ ದುಡ್ಡು. ಒಂದು ಶನಿವಾರವೂ ತಪ್ಪಲಿಲ್ಲ, ಹಾಗಾಗಿ ಆ ಬೀಜಕ್ಕೆ ನೋಟಿನ ಮರ್ಯಾದೆ ಇತ್ತು.

ವೋಲ್ಫ್ ಪ್ರಯೋಗದಲ್ಲಿ ಇನ್ನೊಂದು ಬಿಲ್ಲೆ ಇತ್ತು, ಹಿತ್ತಾಳೆಯದು. ಅದಕ್ಕೆ ಏನೂ ಸಿಗುತ್ತಿರಲಿಲ್ಲ. ಚಿಂಪಾಂಜಿಗಳು ಅದನ್ನು ಬಿಟ್ಟು ದ್ರಾಕ್ಷಿ ಕೊಡುವ ಬಿಲ್ಲೆಯನ್ನೇ ಆರಿಸಿಕೊಳ್ಳಲು ಕಲಿತವು. ನಮ್ಮ ಜಿಲ್ಲೆಯ ಸಂಘಟಕರು ಮಾತ್ರ ಇನ್ನೂ ಹಿತ್ತಾಳೆ ಬಿಲ್ಲೆಯನ್ನೇ ಹಂಚುತ್ತಿದ್ದಾರೆ. ಇಡೀ ರಾತ್ರಿ ಕುಣಿದ ಯಕ್ಷಗಾನ ಕಲಾವಿದನಿಗೆ ಶಾಲು, ಹಾರ, ಫಲಕ, ಹಣ್ಣಿನ ಬುಟ್ಟಿ. ಬುಟ್ಟಿಯದನ್ನಾದರೂ ತಿನ್ನಬಹುದು. ಆಟದಲ್ಲಿ ಪದ ಹಾಡುವ ಒಬ್ಬ ಭಾಗವತರ ಮನೆಯ ಕಪಾಟಿನಲ್ಲಿ ಶಾಲುಗಳ ರಾಶಿ ನೋಡಿದ್ದೇನೆ. ಯಾವ ದಿನಸಿ ಅಂಗಡಿಯವನು ಶಾಲು ತೆಗೆದುಕೊಂಡು ಅಕ್ಕಿ ಕೊಡುತ್ತಾನೆ? ಆಶಾ ಕಾರ್ಯಕರ್ತೆಯರಿಗೂ ಅದೇ ಕತೆ: ವೇದಿಕೆ ಮೇಲೆ ಅಭಿನಂದನಾ ಪತ್ರ, ಗೌರವಧನಕ್ಕೆ ಮುಷ್ಕರ.

ಈ ಸಲ ಊರಲ್ಲಿ ಯಕ್ಷಗಾನದ ಆಟ ಇಟ್ಟುಕೊಂಡವರು ಶಾಲಿನ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಲಿ. ಲಕೋಟೆಯಲ್ಲಿ ಎಷ್ಟು ಅಂತ ಭಾಗವತರಿಗೆ ಫೋನ್ ಮಾಡಿ ಹೇಳಲಿ.